ನಮ್ಮ ಬಡಾವಣೆಗಳೂ ಶಾಲೆಯ ಮಕ್ಕಳ ಆರೋಗ್ಯವೂ

೧

ಬೆಂಗಳೂರಿನ ಮಲ್ಲೇಶ್ವರದಲ್ಲಿ ಬೀದಿಗಳಿಗೆ ಮರಗಳ ಹೆಸರನ್ನಿಟ್ಟಿರುವುದುಂಟು. ಸಂಪಿಗೆರಸ್ತೆ ಅವುಗಳಲ್ಲೊಂದು, ಬೇವಿನ ಹೆಸರಿನ ರಸ್ತೆ ಅದರ ಸಮೀಪದಲ್ಲಿಯೇ ಇರುವ ಇನ್ನೊಂದು. ಅರಸರ ಮತ್ತು ಅಧಿಕಾರಿಗಳ ಹೆಸರನ್ನು ಬೀದಿಗಳಿಗೆ ಇಡುವುದು ಎಲ್ಲ ಪಟ್ಟಣಗಳಲ್ಲಿಯೂ ಕಾಣುವ ಸಂಗತಿ. ಮರದ ಹೆಸರನ್ನಿಟ್ಟವರು ಮರವನ್ನೂ ಊರಿನ ಒಬ್ಬ ಒಕ್ಕಲೆಂದು ಎಣಿಸಿದ್ದರೆನ್ನಬೇಕು. ಈ ಬಡಾವಣೆಗಳು ಬೆಳೆದುದರ ಹಿಂದೆ ಒಂದು ರೋಗದ, ಅದರ ಭಯದ, ಮತ್ತು ಆ ಭಯದಿಂದ ಜನರಲ್ಲಿ ಮೂಡಿದ ವಿವೇಕದ ಚರಿತ್ರೆಯಿದೆ. ಶಾಲೆಯ ಮಕ್ಕಳ ದೇಹಾರೋಗ್ಯವನ್ನು ಕುರಿತು, ಶಾಲೆಯ ಕೈದೋಟ, ಅಂಗಸಾಧನೆ, ತಾಯ್ತಂದೆಗಳ ಸಹಕಾರ ಎಂಬೀ ಮೂರನ್ನು ಕುರಿತು ಇಂದು ನಾಡಿನಲ್ಲೆಲ್ಲ ಮಾತು ನಡೆಯುತ್ತಿದೆ. ಆ ಮಾತಿಗೆ ನಮ್ಮ ಊರಿನ ಚರಿತ್ರೆಯಿಂದ ಸ್ವಲ್ಪ ಬೆಳಕು ದೊರೆಯಬಹುದೆಂಬ ನಂಬಿಕೆಯಿಂದ ಈ ಲೇಖನವನ್ನು ವಾಚಕರ ಮುಂದಿಡುತ್ತಿದ್ದೇನೆ.

ಸಂಸ್ಕೃತದಲ್ಲಿ ಆರೋಗ್ಯವುಳ್ಳವನಿಗೆ ಸ್ವಸ್ಥನೆಂದು ಹೆಸರು. ತನ್ನಲ್ಲಿ ತಾನು ನೆಲೆಸಿದವನು ಎಂದು ಆ ಶಬ್ದದ ಅರ್ಥ. ಸುಶ್ರುತನು ಸ್ವಸ್ಥನ ಲಕ್ಷಣವನ್ನು ಹೇಳುವಾಗ ದೋಷ, ಅಗ್ನಿ, ಧಾತುಗಳ ಸಮತೆಯನ್ನು ಮಾತ್ರ ಹೇಳಿ ಸುಮ್ಮನಾಗಲಿಲ್ಲ. ಇಂದ್ರಿಯಗಳೂ ಮನಸ್ಸೂ ಪ್ರಸನ್ನವಾಗಿರಬೇಕೆಂದನು. ರೋಗವಿಲ್ಲದಿರುವುದಷ್ಟೇ ಆರೋಗ್ಯವಲ್ಲವೆಂಬುದು ನಮ್ಮವರಿಗೆ ಹೊಸ ಮಾತೇನೂ ಅಲ್ಲ. ಆದರೆ ಈ ಜ್ಞಾನ ಪಾಠಶಾಲೆಯ ಬಾಗಿಲೊಳಕ್ಕೆ ಬಂದುದು ಯಾವಾಗ, ಬಂದದ್ದು ನಿಂತಿತೆ, ನಿಲ್ಲದಿದ್ದರೆ ಏಕೆ ನಿಲ್ಲಲಿಲ್ಲ ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

೨

ದೇಹಪೋಷಣೆಯ ವಿದ್ಯೆಗೂ ಸಸ್ಯಪೋಷಣೆಯ ವಿದ್ಯೆಗೂ ಕನ್ನಡನಾಡಿನಲ್ಲಿ ಬರವಿರಲಿಲ್ಲ. ಚಾಲುಕ್ಯ ಜಯಸಿಂಹನ ಕಾಲದಲ್ಲಿ, ೧೦೨೫ರ ಸುಮಾರಿನಲ್ಲಿ, ಚಾವುಂಡರಾಯನೆಂಬ ಕವಿ ರಚಿಸಿದ ‘ಲೋಕೋಪಕಾರ’ದಲ್ಲಿ ಜ್ಯೋತಿಷ, ವಾಸ್ತು, ಪಾಕ, ವೈದ್ಯ ಮೊದಲಾದುವುಗಳೊಡನೆ ವೃಕ್ಷಾಯುರ್ವೇದಕ್ಕೂ ಸ್ಥಾನವಿದೆ. ಗಿಡವನ್ನು ಬೆಳೆಸುವುದು ಗೃಹಸ್ಥನು ತಿಳಿದಿರಬೇಕಾದ ಲೋಕವ್ಯವಹಾರಗಳಲ್ಲೊಂದೆಂದು ಆ ಕವಿ ಬಗೆದನು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಭಾಗವಿದ್ದು, ಮಲ್ಲರ ಆಹಾರ, ಅಭ್ಯಾಸ, ಪಟ್ಟುಗಳು ಅದರಲ್ಲಿ ವಿವರಿಸಲ್ಪಟ್ಟಿವೆ. ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯಲ್ಲಿ ಯೋಗಾಸನಗಳ ಚಿತ್ರಗಳೇ ನೂರಕ್ಕೆ ಮೇಲ್ಪಟ್ಟು ಇವೆ.

ಇದೆಲ್ಲವೂ ಗ್ರಂಥಗಳಲ್ಲಿದ್ದ ಸಂಪತ್ತು. ಬೀದಿಯಲ್ಲಿದ್ದ ಸಂಪತ್ತು ಗರಡಿಮನೆ. ಬೆಂಗಳೂರಿನ ಹಳೆಯ ಪೇಟೆಗಳಲ್ಲಿ ಗರಡಿಗಳಿದ್ದುವು. ಹದಮಾಡಿದ ಕೆಮ್ಮಣ್ಣಿನ ಅಖಾಡ, ಒಂದು ಗೂಡಿನಲ್ಲಿ ಆಂಜನೇಯ, ಮೂಲೆಯಲ್ಲಿ ಗದೆ ಮತ್ತು ಕಲ್ಲುಗುಂಡು. ಪೇಟೆಯ ಹುಡುಗನು ಮುಂಜಾನೆಯೆದ್ದು ಅಲ್ಲಿಗೆ ಹೋಗಿ ಉಸ್ತಾದನ ಕಣ್ಣೆದುರಿಗೆ ದಂಡ ಹೊಡೆದು, ಬಸ್ಕಿ ತೆಗೆದು, ಮೈಗೆ ಮಣ್ಣು ಹಚ್ಚಿಕೊಂಡು ಸಾಮು ಮಾಡುತ್ತಿದ್ದನು. ಅದೇ ಹುಡುಗನು ಆಮೇಲೆ ಕೂಲಿಮಠಕ್ಕೆ ಹೋಗಿ ಮರಳಿನ ಮೇಲೆ ಅಕ್ಷರ ತಿದ್ದುವಾಗ ತಪ್ಪಿದರೆ ಅಯ್ಯನವರು ವಿಧಿಸುತ್ತಿದ್ದ ಶಿಕ್ಷೆಯೂ ಬಸ್ಕಿಯೇ!

ಈ ಒಂದು ಸಂಗತಿಯನ್ನು ವಾಚಕರು ಸ್ವಲ್ಪ ನಿಂತು ಆಲೋಚಿಸಬೇಕೆಂದು ಬೇಡುತ್ತೇನೆ. ಗರಡಿಯಲ್ಲಿ ಸಾಧನೆಯಾಗಿದ್ದ ಕ್ರಿಯೆ ಪಾಠಶಾಲೆಯಲ್ಲಿ ದಂಡನೆಯಾಯಿತು. ವಿದ್ಯೆಯೆಂಬುದು ಕುಳಿತು ಕಲಿಯುವುದು, ದೇಹವನ್ನು ದಣಿಸುವುದು ವಿದ್ಯೆಗೆ ಹೊರಗಾದುದು ಎಂಬ ಭಾವನೆ ನಮ್ಮಲ್ಲಿ ಬೇರೂರಿದುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಗಿಡಗಳಿಗೆ ನೀರು ಹೊತ್ತು ಹಾಕುವುದನ್ನೂ ಎಷ್ಟೋ ಶಾಲೆಗಳಲ್ಲಿ ತಪ್ಪುಮಾಡಿದ ಹುಡುಗನಿಗೇ ಹೇಳುತ್ತಿದ್ದರು. ದೇಹವೂ ತೋಟವೂ ಹೀಗೆ ಶಿಕ್ಷೆಯ ಪಾಲಾದ ಮೇಲೆ ಮಕ್ಕಳಿಗೆ ಅವುಗಳಲ್ಲಿ ಪ್ರೀತಿ ಹೇಗೆ ಹುಟ್ಟೀತು?

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಈ ಕೊರತೆ ಕೆಲವರ ಮನಸ್ಸಿಗೆ ತಟ್ಟಿತು. ೧೮೯೬ರಲ್ಲಿ ಬೆಂಗಳೂರಿನಲ್ಲಿ ‘ವ್ಯಾಯಾಮದೀಪಿಕೆ’ ಎಂಬ ಪುಸ್ತಕವು ಅಚ್ಚಾಯಿತು. ಭಾರದ್ವಾಜರೆಂಬವರು ನಮ್ಮ ದೇಶದ ಕಸರತ್ತುಗಳನ್ನು ಕ್ರಮವಾಗಿ ಅದರಲ್ಲಿ ವಿವರಿಸಿದರು. ಗರಡಿಯ ವಿದ್ಯೆ ಪುಸ್ತಕದ ರೂಪದಲ್ಲಿ ಓದುಬಲ್ಲವರ ಮನೆಗೆ ಕಾಲಿಟ್ಟಿತು. ಅದಾದ ಎರಡೇ ವರ್ಷಗಳಲ್ಲಿ ಊರಿಗೆ ಬೇರೊಂದು ಅತಿಥಿ ಬಂದಿತು.

೩

೧೮೯೮ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಪ್ಲೇಗು ತಗುಲಿತು. ಪೇಟೆಯ ಇಕ್ಕಟ್ಟಾದ ಗಲ್ಲಿಗಳಲ್ಲಿ, ಗಾಳಿಬೆಳಕು ಕಾಣದ ಮನೆಗಳಲ್ಲಿ, ಇಲಿ ಬಿದ್ದುದನ್ನು ಕಂಡೊಡನೆ ಜನರು ಮನೆಗಳನ್ನು ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಂಡು ವಾಸಮಾಡಿದರು. ಊರಿನಲ್ಲಿ ಅಲ್ಲಲ್ಲಿ ಈಗಲೂ ಉಳಿದಿರುವ ಪ್ಲೇಗಿನ ಮಾರಿಯಮ್ಮನ ಗುಡಿಗಳು ಆ ದಿನಗಳ ಭಯಕ್ಕೆ ಕುರುಹಾಗಿವೆ.

ಮಲ್ಲೇಶ್ವರ ಮತ್ತು ಬಸವನಗುಡಿಯ ಬಡಾವಣೆಗಳ ಆಲೋಚನೆ ಪ್ಲೇಗಿಗಿಂತ ಹಿಂದಿನದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ೧೮೯೨ರ ಸುಮಾರಿನಲ್ಲಿಯೇ, ಅದು ಆರಂಭವಾಗಿದ್ದಿತು. ಚಾಮರಾಜಪೇಟೆಯೂ ಅದೇ ಕಾಲದ್ದು. ಆದರೆ ಪೇಟೆಯ ಮನೆಯನ್ನೂ ನೆರೆಹೊರೆಯನ್ನೂ ಬಿಟ್ಟು ದೂರದ ಬಯಲಿಗೆ ಹೋಗಲು ಯಾರಿಗೂ ಇಷ್ಟವಿರಲಿಲ್ಲ. ಶಿವಾಜಿ ಮಹಾರಾಜರ ತಮ್ಮನಾದ ಏಕೋಜಿಯ ೧೬೬೯ರ ಶಾಸನವಿರುವ ಕಾಡುಮಲ್ಲೇಶ್ವರನ ದೇವಸ್ಥಾನ ಹೆಸರಿಗೆ ತಕ್ಕಂತೆ ಕಾಡಿನ ನಡುವೆ ಇದ್ದಿತು. ಪ್ಲೇಗು ಜನರ ಮನಸ್ಸನ್ನು ತಿರುಗಿಸಿತು. ಸರ್ಕಾರದ ಪ್ರೋತ್ಸಾಹದಿಂದ ಆಗದಿದ್ದುದು ಸಾವಿನ ಭಯದಿಂದ ಆಯಿತು.

ಹೊಸ ಬಡಾವಣೆಗಳನ್ನು ನಿರ್ಮಿಸಿದ ಕ್ರಮವನ್ನು ನೋಡಿರಿ. ನೇರವಾದ ಅಗಲ ರಸ್ತೆಗಳು. ಅವುಗಳನ್ನು ಅಡ್ಡಗಟ್ಟುವ ಕ್ರಾಸುಗಳು. ಮನೆಗಳ ಹಿಂದೆ ಕಸವನ್ನೂ ಮಲವನ್ನೂ ಸಾಗಿಸಲು ಕನ್ಸರ್ವೆನ್ಸಿ ಓಣಿ. ಎರಡು ಮನೆಗಳ ನಡುವೆ ಗಾಳಿಯಾಡಲು ಜಾಗ. ಮುಂದುಗಡೆ ಹೂವಿನ ಗಿಡಗಳಿಗೂ ಹಿಂದುಗಡೆ ಹಿತ್ತಿಲಿಗೂ ಸ್ಥಳ. ಮಲ್ಲೇಶ್ವರದ ಪಕ್ಕದಲ್ಲಿ ೧೮೮೨ರಲ್ಲಿ ಸ್ಯಾಂಕಿ ಕೆರೆ ಕಟ್ಟಲ್ಪಟ್ಟಿದ್ದಿತು. ೧೮೯೬ರಿಂದ ಹೆಸರಘಟ್ಟದ ನೀರು ಊರಿಗೆ ಬರತೊಡಗಿತು. ಹೀಗಾಗಿ ಹಿತ್ತಿಲೆಂಬುದು ಪ್ರತಿ ಮನೆಯ ಅಂಗವಾಯಿತು. ತೆಂಗು, ಹಲಸು, ಕರಿಬೇವು, ನುಗ್ಗೆ, ಬಾಳೆ, ದಾಸವಾಳ, ಪಾರಿಜಾತ. ಪೂಜೆಗೆ ಹೂವು, ಸಾರಿಗೆ ಸೊಪ್ಪು. ಹಿತ್ತಿಲಿನಲ್ಲಿ ಮಗು ಬೆಳೆಯಿತು. ಸಂಜೆ ರಸ್ತೆಯಲ್ಲಿ ಚಿನ್ನಿದಾಂಡು, ಬುಗುರಿ, ಕುಂಟಾಬಿಲ್ಲೆ ಆಡಿತು.

ಶಾಲೆಗಳಲ್ಲಿ ತೋಟವಿಲ್ಲದಿದ್ದರೂ, ಡ್ರಿಲ್ ಮಾಸ್ತರರು ವಾರಕ್ಕೊಂದೆರಡು ಸಲ ಕೈಕಾಲು ಆಡಿಸಿ ಬಿಟ್ಟರೂ, ಆ ಕಾಲದ ಬಡಾವಣೆಯ ಮಕ್ಕಳಿಗೆ ಹೆಚ್ಚಿನ ನಷ್ಟವಾಗಲಿಲ್ಲ. ಶಾಲೆ ಕೊಡದಿದ್ದುದನ್ನು ಮನೆಯೂ ಬೀದಿಯೂ ಕೊಟ್ಟುವು. ನಮ್ಮ ಶಾಲೆಗಳ ವ್ಯವಸ್ಥೆ ಬಹುಕಾಲ ಈ ಮೌನವಾದ ಸಹಾಯವನ್ನು ನೆಮ್ಮಿಕೊಂಡೇ ನಡೆಯಿತು. ಸಹಾಯವು ಯಾವ ದಿನ ತಪ್ಪುತ್ತದೆಂಬುದನ್ನು ಮಾತ್ರ ಯಾರೂ ಲೆಕ್ಕ ಹಾಕಲಿಲ್ಲ.

೪

ಈ ಬಡಾವಣೆಗಳ ಚರಿತ್ರೆಯಲ್ಲಿ ಇನ್ನೊಂದು ವಿಶೇಷವಿದೆ. ಇಲ್ಲಿಯ ಶಾಲೆಗಳಲ್ಲಿ ಅನೇಕವು ಸರ್ಕಾರದ ಅಪ್ಪಣೆಯಿಂದ ಹುಟ್ಟಿದುವಲ್ಲ. ನಿವಾಸಿಗಳ, ಅದರಲ್ಲಿಯೂ ಮಾತೆಯರ, ಪ್ರಯತ್ನದಿಂದ ಹುಟ್ಟಿದುವು. ಬಸವನಗುಡಿಯಲ್ಲಿ ೧೯೧೩ರಲ್ಲಿ ಮಹಿಳಾ ಸೇವಾ ಸಮಾಜವು ಸ್ಥಾಪಿತವಾಯಿತು. ೧೯೧೭ರಲ್ಲಿ ಆನಿ ಬೆಸೆಂಟರ ರಾಷ್ಟ್ರೀಯ ಶಿಕ್ಷಣದ ಚಳವಳಿಯಿಂದ ಅಲ್ಲಿಯೇ ನ್ಯಾಷನಲ್ ಹೈಸ್ಕೂಲು ಹುಟ್ಟಿತು. ಮಲ್ಲೇಶ್ವರದಲ್ಲಿ ೧೯೨೭ರಲ್ಲಿ ಮಹಿಳೆಯರ ಸಂಘವು ಏರ್ಪಟ್ಟಿತು. ನೆರೆಯ ಶೇಷಾದ್ರಿಪುರದಲ್ಲಿ ೧೯೩೦ರಲ್ಲಿ ಶ್ರೀಮತಿ ಆನಂದಮ್ಮ, ಶ್ರೀಮತಿ ಸೀತಮ್ಮ ಎಂಬ ಇಬ್ಬರು ಗೃಹಿಣಿಯರು ಕೆಲವೇ ಮಕ್ಕಳನ್ನು ಸೇರಿಸಿಕೊಂಡು ಒಂದು ಶಾಲೆಯನ್ನು ತೆರೆದರು. ಅದು ಇಂದು ದೊಡ್ಡ ವಿದ್ಯಾಸಂಸ್ಥೆಯಾಗಿ ಬೆಳೆದಿದೆ.

ಇವರೆಲ್ಲರೊಳಗೆ ಮಕ್ಕಳ ದೇಹಮನಸ್ಸುಗಳನ್ನು ಒಟ್ಟಾಗಿ ಕಂಡವರು ಶ್ರೀಮತಿ ಆರ್. ಕಲ್ಯಾಣಮ್ಮನವರು. ‘ಸರಸ್ವತಿ’ ಪತ್ರಿಕೆಯ ಸಂಪಾದಕಿಯಾಗಿ ಅವರು ಕನ್ನಡ ಓದುವ ಮನೆಗಳಿಗೆ ಪರಿಚಿತರಾಗಿದ್ದರು. ೧೯೩೮ರಲ್ಲಿ ಅವರು ಸ್ಥಾಪಿಸಿದ ಮಕ್ಕಳ ಕೂಟವು ಪರೀಕ್ಷೆಗೆ ಓದಿಸುವ ಸಂಸ್ಥೆಯಾಗಿರಲಿಲ್ಲ. ಆಟ, ಹಾಡು, ನಾಟಕ, ಕೂಡಿ ನಲಿಯುವುದು ಇವೇ ಅದರ ಕಾರ್ಯಗಳು. ಚಾಮರಾಜಪೇಟೆಯಲ್ಲಿ ಅದರ ಹೆಸರು ಒಂದು ವೃತ್ತಕ್ಕೇ ನಿಂತಿದೆ. ಬಾಲ್ಯವಿಧವೆಯರ ದುಃಖವನ್ನೂ ಹೆಣ್ಣುಮಕ್ಕಳ ವಿದ್ಯೆಯನ್ನೂ ಕುರಿತು ಸಮಾಜವು ವಾದಮಾಡುತ್ತಿದ್ದ ಆ ತಲೆಮಾರಿನಲ್ಲಿ, ಮಗುವಿಗೆ ಆಟವೂ ಒಂದು ಹಕ್ಕೆಂದು ತಿಳಿದು ಅದಕ್ಕಾಗಿ ಒಂದು ಸ್ಥಳವನ್ನು ಮಾಡಿಕೊಟ್ಟವರ ದೂರದೃಷ್ಟಿ ಸಾಮಾನ್ಯವಾದುದಲ್ಲ.

೫

ಅಂಗಸಾಧನೆಯ ವಿಷಯದಲ್ಲಿ ಮೈಸೂರು ಸೀಮೆಯ ಕೀರ್ತಿ ಲೋಕದ ತುಂಬ ಹರಡಿದೆ. ಕೋಲಾರದ ಕಡೆಯಿಂದ ಬಂದ ಶ್ರೀ ಕೆ. ವಿ. ಅಯ್ಯರ್ ಅವರು ೧೯೨೦ರ ದಶಕದಲ್ಲಿ ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸತೊಡಗಿದರು. ಪಾಶ್ಚಾತ್ಯರ ತೂಕದ ಸಾಧನಗಳನ್ನೂ ನಮ್ಮ ಸೂರ್ಯನಮಸ್ಕಾರ, ಆಸನಗಳನ್ನೂ ಒಟ್ಟುಗೂಡಿಸಿದುದು ಅವರ ವಿಶೇಷ. ಸೂರ್ಯನಮಸ್ಕಾರವನ್ನು ಕುರಿತ ಅವರ ಇಂಗ್ಲಿಷ್ ಪುಸ್ತಕವು ೧೯೩೭ರಲ್ಲಿ ಹೊರಬಂದಿತು. ಜೆ. ಸಿ. ರಸ್ತೆಯ ವ್ಯಾಯಾಮಶಾಲೆಯ ಕಟ್ಟಡಕ್ಕೆ ಅರಮನೆಯ ನೆರವು ದೊರೆಯಿತು. ಇದೇ ಅಯ್ಯರ್ ಅವರು ಕೈಲಾಸಂ ಅವರ ಆಪ್ತರು. ‘ಶಾಂತಲಾ’ ಕಾದಂಬರಿಯ ಕರ್ತೃಗಳು. ಮೈಕಟ್ಟಿಗೂ ಸರಸ್ವತಿಗೂ ವೈರವೆಂದು ಹೇಳುವವರಿಗೆ ಈ ಒಬ್ಬ ಮಹನೀಯರ ಜೀವನವೇ ಉತ್ತರವಾಗಿದೆ.

ಇತ್ತ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ೧೯೩೩ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಏರ್ಪಟ್ಟು, ಶ್ರೀ ತಿರುಮಲೈ ಕೃಷ್ಣಮಾಚಾರ್ಯರು ಅದರ ಆಚಾರ್ಯರಾದರು. ಅವರ ‘ಯೋಗಮಕರಂದ’ವು ೧೯೩೪ರಲ್ಲಿ ಕನ್ನಡದಲ್ಲಿಯೇ ಪ್ರಕಟವಾಯಿತೆಂಬುದು ನಮಗೆ ಅಭಿಮಾನದ ಸಂಗತಿ. ಆ ಶಾಲೆಯ ಪಾಠವು ಮುಖ್ಯವಾಗಿ ಹುಡುಗರಿಗಾಗಿ ನಡೆಯುತ್ತಿದ್ದಿತು. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ೧೯೧೮ರಲ್ಲಿ ಹುಟ್ಟಿ, ಬಾಲ್ಯದಲ್ಲಿ ಮಲೇರಿಯ, ಕ್ಷಯ ಮೊದಲಾದ ರೋಗಗಳಿಂದ ಕೃಶನಾಗಿದ್ದ ಒಬ್ಬ ಬಾಲಕನು ಆ ಆಚಾರ್ಯರಲ್ಲಿ ಕಲಿತು, ಮುಂದೆ ಬಿ. ಕೆ. ಎಸ್. ಅಯ್ಯಂಗಾರ್ ಎಂದು ಜಗತ್ತಿಗೆಲ್ಲ ಯೋಗಗುರುವಾದರು. ಕೌಶಿಕದ ಪಟ್ಟಾಭಿ ಜೋಯಿಸರು ಅದೇ ಆಚಾರ್ಯರ ಶಿಷ್ಯರು; ಅವರು ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಯೋಗವನ್ನು ಬೋಧಿಸಿದರು. ಸಂಸ್ಕೃತ ಪಾಠಶಾಲೆಯ ಬೆಂಚಿನ ಮೇಲೆ ಬೆಳೆದ ನನ್ನಂಥವರಿಗೆ ಶಾಸ್ತ್ರವನ್ನೂ ಆಸನವನ್ನೂ ಒಂದೇ ಮಾಡಿನ ಕೆಳಗೆ ಕಲಿಸಿದ ಆ ಏರ್ಪಾಡು ಆದರ್ಶವಾಗಿ ತೋರುತ್ತದೆ.

ಆದರೂ ಇಲ್ಲಿ ಒಂದು ಮಾತನ್ನು ಹೇಳಬೇಕು. ನಮ್ಮಲ್ಲಿ ಬೆಳೆದ ಈ ವಿದ್ಯೆ ಅಮೆರಿಕದ, ಯೂರೋಪಿನ ಪಟ್ಟಣಗಳಲ್ಲಿ ಮನೆಮಾತಾದಷ್ಟು ನಮ್ಮ ಸಾಮಾನ್ಯ ಪ್ರಾಥಮಿಕ ಶಾಲೆಗಳಲ್ಲಿ ಆಗಲಿಲ್ಲ. ೨೦೧೫ರಿಂದ ಜೂನ್ ೨೧ನೆಯ ದಿನವು ಯೋಗದಿನವೆಂದು ಆಚರಿಸಲ್ಪಡುತ್ತಿದೆ. ಆ ದಿನ ಮಕ್ಕಳು ಮೈದಾನದಲ್ಲಿ ಸಾಲಾಗಿ ನಿಲ್ಲುತ್ತಾರೆ. ಮಾರನೆಯ ದಿನದಿಂದ ಮೈದಾನವು ಬರಿದು. ವಾಗ್ಭಟನು ವ್ಯಾಯಾಮವನ್ನು ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ಮಾಡಬೇಕೆಂದನು. ಹಾಗೆ ಮಿತವಾಗಿ ಮಾಡತಕ್ಕ ಕೆಲಸ ನಿತ್ಯವೂ ನಡೆಯಬೇಕಷ್ಟೆ. ವರ್ಷಕ್ಕೊಂದು ದಿನ ಮಾಡುವುದು ಉತ್ಸವವಾದೀತೇ ಹೊರತು ವ್ಯಾಯಾಮವಾಗಲಾರದು. ವಿಶ್ವ ಆರೋಗ್ಯ ಸಂಸ್ಥೆಯವರು ೨೦೨೦ರಲ್ಲಿ ಹೇಳಿರುವಂತೆ ೫ರಿಂದ ೧೭ ವರ್ಷದ ಮಕ್ಕಳಿಗೆ ದಿನವೊಂದಕ್ಕೆ ಸರಾಸರಿ ೬೦ ನಿಮಿಷಗಳಷ್ಟಾದರೂ ಮೈ ಬೆವರುವ ಚಟುವಟಿಕೆ ಬೇಕು.

೬

ಇನ್ನು ತೋಟದ ವಿಷಯ. ಜರ್ಮನಿಯ ಫ್ರೋಬೆಲನು ೧೮೪೦ರಲ್ಲಿ ತನ್ನ ಶಿಶುಶಾಲೆಗೆ ಕಿಂಡರ್‌ಗಾರ್ಟನ್, ಎಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟನು. ಆಸ್ಟ್ರಿಯ ದೇಶದ ೧೮೬೯ರ ಶಾಲಾಶಾಸನವು ಗ್ರಾಮಾಂತರದ ಶಾಲೆಗಳಲ್ಲಿ ಸಾಧ್ಯವಾದ ಕಡೆಗಳಲ್ಲೆಲ್ಲ ತೋಟವಿರಬೇಕೆಂದು ವಿಧಿಸಿತು. ನಮ್ಮಲ್ಲಿ ರವೀಂದ್ರರು ೧೯೦೧ರಲ್ಲಿ ಶಾಂತಿನಿಕೇತನದಲ್ಲಿ ಮರಗಳ ಕೆಳಗೆ ಪಾಠವನ್ನು ಆರಂಭಿಸಿದರು. ೧೯೩೭ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರು ಕೈಕೆಲಸವನ್ನೇ ವಿದ್ಯೆಯ ನಡುಗಂಬವನ್ನಾಗಿ ಮಾಡಬೇಕೆಂದಾಗ ನೂಲುವುದರ ಜೊತೆಗೆ ಬೇಸಾಯಕ್ಕೂ ಅದರಲ್ಲಿ ಎಡೆ ದೊರೆಯಿತು. ಪುತ್ತೂರಿನಲ್ಲಿ ಶ್ರೀ ಶಿವರಾಮ ಕಾರಂತರು ಬಾಲವನವೆಂದು ಹೆಸರಿಟ್ಟು ಮಕ್ಕಳ ಶಿಕ್ಷಣದ ಪ್ರಯೋಗವನ್ನು ನಡೆಸಿದರು. ಶಾಲೆಗೆ ವನವೆಂದು ಹೆಸರಾದುದರಲ್ಲಿಯೇ ಅವರ ಅಭಿಪ್ರಾಯವು ತಿಳಿಯುತ್ತದೆ.

ಬೆಂಗಳೂರಿಗೆ ಈ ವಿಷಯದಲ್ಲಿ ಬೇರೆ ಯಾವ ಊರಿಗೂ ಇಲ್ಲದ ಅನುಕೂಲವಿದ್ದಿತು. ೧೭೬೦ರಲ್ಲಿ ಹೈದರಾಲಿ ಆರಂಭಿಸಿದ ಲಾಲ್‌ಬಾಗು ಬಸವನಗುಡಿಯ ಮಗ್ಗುಲಿನಲ್ಲಿಯೇ ಇದೆ. ೧೯೦೮ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್ ಸಾಹೇಬರು ೧೯೩೨ರವರೆಗೆ ಸಂಸ್ಥಾನದ ತೋಟಗಳನ್ನು ನೋಡಿಕೊಂಡರು. ಒಂದು ಜಾತಿಯ ಮರದ ಹೂವು ಮುಗಿಯುವ ವೇಳೆಗೆ ಇನ್ನೊಂದು ಜಾತಿಯದು ಅರಳುವಂತೆ ಊರಿನ ರಸ್ತೆಗಳಲ್ಲಿ ಮರಗಳನ್ನು ನೆಡಿಸಿದ ಜಾಣ್ಮೆ ಅವರದು. ಅವರ ಅನಂತರ ಶ್ರೀ ಎಚ್. ಸಿ. ಜವರಾಯರು, ಅವರ ತರುವಾಯ ಶ್ರೀ ಎಂ. ಎಚ್. ಮರಿಗೌಡರು ಆ ಕೆಲಸವನ್ನು ಬೆಳೆಸಿದರು. ಬೀಜ, ಸಸಿ, ತಿಳಿವಳಿಕೆ ಎಲ್ಲವೂ ನಡೆದುಹೋಗುವಷ್ಟು ದೂರದಲ್ಲಿದ್ದರೂ ನಮ್ಮ ಶಾಲೆಗಳ ಅಂಗಳಗಳಲ್ಲಿ ತೋಟಗಳು ಏಳಲಿಲ್ಲ, ಎದ್ದುವು ಬಾಳಲಿಲ್ಲ. ಕಾರಣವೇನು?

ಕಾರಣವು ಬಹಳ ಸರಳವಾದುದು. ಅದನ್ನು ನಾನು ಕೆಲಸಮಾಡಿದ ಶಾಲೆಯೊಂದರಲ್ಲಿಯೇ ಕಂಡೆನು. ಮುಂಗಾರಿನ ಮೊದಲ ಮಳೆಗೆ ಶಾಲೆ ತೆರೆಯುತ್ತದೆ. ಮಕ್ಕಳು ಹುರುಪಿನಿಂದ ಅಗೆದು ಬೀಜ ಹಾಕುತ್ತಾರೆ. ಮೆಂತ್ಯ ಮೂರು ನಾಲ್ಕು ವಾರಗಳಲ್ಲಿ, ದಂಟು ಐದಾರು ವಾರಗಳಲ್ಲಿ ಕೈಗೆ ಬರುತ್ತದೆ. ದಸರೆಯ ಹೊತ್ತಿಗೆ ಅವರೆ, ಬದನೆ, ಟೊಮೆಟೊ. ಸಂಕ್ರಾಂತಿಯವರೆಗೂ ತೋಟವು ಕಣ್ಣಿಗೆ ಹಬ್ಬ. ಆಮೇಲೆ ಪರೀಕ್ಷೆ ಬರುತ್ತದೆ. ಏಪ್ರಿಲಿನಲ್ಲಿ ರಜೆ ಬರುತ್ತದೆ. ಬಿಸಿಲು ಅತಿ ಹೆಚ್ಚಾಗಿರುವ, ನೀರು ಅತಿ ಹೆಚ್ಚಾಗಿ ಬೇಕಾದ ಆರೇಳು ವಾರಗಳಲ್ಲಿಯೇ ಶಾಲೆಯ ಬಾಗಿಲಿಗೆ ಬೀಗ. ನೆಟ್ಟ ನುಗ್ಗೆ, ಪಪ್ಪಾಯಿ, ನಿಂಬೆ ಎಲ್ಲವೂ ಒಣಗುತ್ತವೆ. ಜೂನಿನಲ್ಲಿ ಮಕ್ಕಳು ಬಂದು ಒಣಗಿದ ಕಡ್ಡಿಗಳನ್ನು ನೋಡುತ್ತಾರೆ. ಎರಡು ವರ್ಷ ಹೀಗಾದರೆ ಮೂರನೆಯ ವರ್ಷ ಅಗೆಯಲು ಯಾರಿಗೂ ಮನಸ್ಸಿರುವುದಿಲ್ಲ.

ಒಂದು ವರ್ಷ ಮಾತ್ರ ಆ ಶಾಲೆಯ ತೋಟವು ಬೇಸಗೆಯನ್ನು ದಾಟಿತು. ಎದುರುಮನೆಯ ಅಜ್ಜಿಯೊಬ್ಬರು, ಅಲ್ಲಿ ಓದುತ್ತಿದ್ದ ಹುಡುಗಿಯ ಅಜ್ಜಿ, ಬೀಗದಕೈಯನ್ನು ಕೇಳಿ ಪಡೆದು ಬೆಳಗೂ ಸಂಜೆಯೂ ಎರಡೆರಡು ಬಿಂದಿಗೆ ನೀರು ಹಾಕಿದರು. ಅವರನ್ನು ಕಂಡು ಇನ್ನೆರಡು ಮನೆಯವರು ಸೇರಿದರು. ಆ ಜೂನಿನಲ್ಲಿ ಮಕ್ಕಳನ್ನು ಎದುರ್ಗೊಂಡುದು ಹೂಬಿಟ್ಟ ನುಗ್ಗೆಯ ಮರ. ಅಜ್ಜಿಗೆ ಯಾವ ಸುತ್ತೋಲೆಯೂ ಹೋಗಿರಲಿಲ್ಲ.

೭

ಸ್ವಾತಂತ್ರ್ಯದ ತರುವಾಯ ನಮ್ಮ ಸರ್ಕಾರಗಳು ಸುಮ್ಮನೆ ಕುಳಿತಿರಲಿಲ್ಲವೆಂಬುದನ್ನು ನ್ಯಾಯವಾಗಿ ಒಪ್ಪಬೇಕು. ೧೯೪೬ರಲ್ಲಿ ಹೊರಬಂದ ಭೋರ್ ಸಮಿತಿಯ ವರದಿಯೇ ಶಾಲಾಮಕ್ಕಳ ಆರೋಗ್ಯಸೇವೆಯನ್ನು ಶಿಫಾರಸು ಮಾಡಿದ್ದಿತು. ಕರ್ನಾಟಕದಲ್ಲಿ ೨೦೦೨ರಲ್ಲಿ ಈಶಾನ್ಯದ ಜಿಲ್ಲೆಗಳಿಂದ ಆರಂಭವಾದ ಅಕ್ಷರ ದಾಸೋಹವು ಬೇಗನೆ ರಾಜ್ಯಕ್ಕೆಲ್ಲ ಹಬ್ಬಿ ಮಧ್ಯಾಹ್ನದ ಬಿಸಿಯೂಟವನ್ನು ಮಕ್ಕಳಿಗೆ ಒದಗಿಸಿತು. ೨೦೧೩ರ ಆಗಸ್ಟಿನಿಂದ ಕ್ಷೀರಭಾಗ್ಯವೆಂಬ ಹೆಸರಿನಲ್ಲಿ ಹಾಲು ಸೇರಿತು. ೨೦೧೯ರಲ್ಲಿ ಕೇಂದ್ರಸರ್ಕಾರವು ಶಾಲೆಗಳಲ್ಲಿ ಪೌಷ್ಟಿಕ ಕೈತೋಟಗಳನ್ನು ಮಾಡಲು ಮಾರ್ಗಸೂಚಿಯನ್ನು ಹೊರಡಿಸಿ, ನೆಲವಿಲ್ಲದ ಪಟ್ಟಣದ ಶಾಲೆಗಳು ಕುಂಡಗಳಲ್ಲಿಯೂ ತಾರಸಿಯ ಮೇಲೆಯೂ ಸೊಪ್ಪುತರಕಾರಿಯನ್ನು ಬೆಳೆಯಬಹುದೆಂದು ತಿಳಿಸಿತು. ಇದು ಅಲಂಕಾರದ ಮಾತಲ್ಲ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ೬೭ ಮಂದಿಗೆ ರಕ್ತಹೀನತೆಯಿದೆ. ಆ ಮಕ್ಕಳೇ ನಾಳೆ ಶಾಲೆಗೆ ಬರುವವರು. ಸೊಪ್ಪಿನ ಸಾರಿಗೆ ಒಂದು ಹೋಳು ನಿಂಬೆಯ ರಸವನ್ನು ಹಿಂಡಿದರೆ ಅದರ ಕಬ್ಬಿಣದ ಅಂಶವು ದೇಹಕ್ಕೆ ಹೆಚ್ಚಾಗಿ ಹತ್ತುತ್ತದೆಂಬ ಪಾಠವನ್ನು ಶಾಲೆಯ ತೋಟದ ನಿಂಬೆಯ ಗಿಡಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಕಲಿಸಲಾರದು.

ತಾಯ್ತಂದೆಗಳಿಗೂ ಕಾನೂನಿನಲ್ಲಿ ಸ್ಥಾನ ಬಂದಿತು. ಕರ್ನಾಟಕದಲ್ಲಿ ೨೦೦೧ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಏರ್ಪಟ್ಟುವು. ೨೦೦೯ರ ಶಿಕ್ಷಣದ ಹಕ್ಕಿನ ಅಧಿನಿಯಮವು ಸರ್ಕಾರಿ ಶಾಲೆಗಳ ಸಮಿತಿಗಳಲ್ಲಿ ಮುಕ್ಕಾಲು ಪಾಲು ಸದಸ್ಯರು ತಾಯ್ತಂದೆಗಳಾಗಿರಬೇಕೆಂದೂ, ಒಟ್ಟಿನ ಅರ್ಧದಷ್ಟು ಸ್ತ್ರೀಯರಿರಬೇಕೆಂದೂ, ಶಾಲೆಗೆ ಆಟದ ಮೈದಾನ ಬೇಕೆಂದೂ ವಿಧಿಸಿತು. ೧೯೧೩ರಲ್ಲಿ ಬಸವನಗುಡಿಯ ಮಾತೆಯರು ತಾವಾಗಿ ಕೈಕೊಂಡುದನ್ನು ಶಾಸನವು ತೊಂಬತ್ತಾರು ವರ್ಷಗಳ ಮೇಲೆ ಕಡ್ಡಾಯಮಾಡಿತೆನ್ನಬಹುದು.

ಅದೇ ಅಧಿನಿಯಮದಲ್ಲಿ ಇನ್ನೊಂದು ಲೆಕ್ಕವಿದೆ. ಐದನೆಯ ತರಗತಿಯವರೆಗಿನ ಮಕ್ಕಳಿಗೆ ವರ್ಷಕ್ಕೆ ೨೦೦ ದಿನ, ೮೦೦ ಗಂಟೆ. ಆರರಿಂದ ಎಂಟರವರೆಗೆ ೨೨೦ ದಿನ, ೧,೦೦೦ ಗಂಟೆ ಪಾಠ ನಡೆಯಬೇಕೆಂದು ಅದು ಹೇಳುತ್ತದೆ. ವರ್ಷಕ್ಕೆ ಇರುವ ಗಂಟೆಗಳು ೮,೭೬೦. ಚಿಕ್ಕ ಮಗುವಿನ ಜೀವನದಲ್ಲಿ ಹತ್ತರಲ್ಲೊಂದು ಭಾಗಕ್ಕೂ ಕಡಮೆ ಕಾಲವು ಉಪಾಧ್ಯಾಯರ ಕೈಯಲ್ಲಿದೆ. ೧೬೫ ದಿನಗಳು ಸಂಪೂರ್ಣವಾಗಿ ಮನೆಯವು. ಇಂಥಲ್ಲಿ ಮಗುವಿನ ದೇಹಾರೋಗ್ಯವನ್ನು ಶಾಲೆಯ ತಲೆಯ ಮೇಲೆಯೇ ಹೊರಿಸುವುದು ಲೆಕ್ಕಕ್ಕೂ ಒಪ್ಪದ ಮಾತು. ಹಾಗೆಂದು ಮನೆಯ ಮೇಲೆಯೇ ಬಿಡುವುದೂ ಇಂದು ಸಾಧ್ಯವಿಲ್ಲ. ಏಕೆಂದರೆ ಆ ಮನೆಯೇ ಬದಲಾಗಿದೆ.

೮

ಸಂಪಿಗೆರಸ್ತೆಯ ದಕ್ಷಿಣದ ತುದಿಯಲ್ಲಿ ಹಿಂದೆ ನೂಲಿನ ಗಿರಣಿಯಿದ್ದ ಜಾಗದಲ್ಲಿ ಈಗ ದೊಡ್ಡ ಮಾಲು ನಿಂತಿದೆ. ಅದರ ಪಕ್ಕಕ್ಕೆ ೨೦೧೪ರಿಂದ ಮೆಟ್ರೋ ರೈ ಬರುತ್ತಿದೆ. ಇವುಗಳನ್ನು ನಾನು ದೂರುವುದಿಲ್ಲ. ಊರು ಬೆಳೆಯುವುದು ಸಹಜ. ಆದರೆ ಪ್ಲೇಗಿನ ಕಾಲದವರು ಗಾಳಿಗಾಗಿ ಬಿಟ್ಟಿದ್ದ ಜಾಗವನ್ನೆಲ್ಲ ಕಟ್ಟಡಗಳು ತುಂಬಿಕೊಳ್ಳುತ್ತಿವೆ. ಒಂದು ಹಿತ್ತಿಲಿದ್ದ ನಿವೇಶನದಲ್ಲಿ ಎಂಟು ಸಂಸಾರಗಳ ಅಪಾರ್ಟ್‌ಮೆಂಟು ಏಳುತ್ತದೆ. ಕ್ರಾಸು ರಸ್ತೆಗಳು ಕಾರು ನಿಲ್ಲಿಸುವ ಸ್ಥಳಗಳಾಗಿವೆ, ಚಿನ್ನಿದಾಂಡಿಗೆ ಎಡೆಯಿಲ್ಲ. ಬಯಲಿನ ಬೆಳಕಿನಲ್ಲಿ ಕಳೆಯುವ ಹೊತ್ತು ಕಡಮೆಯಾದಷ್ಟೂ ಮಕ್ಕಳಲ್ಲಿ ಸಮೀಪದೃಷ್ಟಿಯ ದೋಷ ಹೆಚ್ಚುತ್ತದೆಂದು ಕಣ್ಣಿನ ವೈದ್ಯರು ಎಚ್ಚರಿಸುತ್ತಿದ್ದಾರೆ. ಮನೆಯೂ ಬೀದಿಯೂ ಶಾಲೆಗೆ ಮೌನವಾಗಿ ಕೊಡುತ್ತಿದ್ದ ಸಹಾಯವು ನಿಂತುಹೋದ ದಿನ ಇದೇ ಎಂದು ತಿಳಿಯಬೇಕು.

೨೦೨೦ರಲ್ಲಿ ಕೊರೋನಾ ರೋಗ ಬಂದಾಗ ಶಾಲೆಗಳು ಮುಚ್ಚಿದುವು. ಆ ಆಗಸ್ಟಿನಲ್ಲಿ ವಿದ್ಯಾಗಮವೆಂಬ ಹೆಸರಿನಿಂದ ಉಪಾಧ್ಯಾಯರೇ ಮಕ್ಕಳಿದ್ದೆಡೆಗೆ ಹೋಗಿ ದೇವಸ್ಥಾನದ ಜಗಲಿಯಲ್ಲಿ, ಮರದ ನೆರಳಿನಲ್ಲಿ, ಊರಿನ ಚಾವಡಿಯಲ್ಲಿ ಪಾಠ ಹೇಳಿದರು. ರೋಗದ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ತಡೆಯಬೇಕಾಯಿತು. ಆದರೂ ಶಾಲೆ, ಮನೆ, ಬೀದಿ ಎಂಬ ಮೂರು ಒಂದು ಕಡೆ ಕೂಡಿದ ಆ ಕೆಲವು ವಾರಗಳನ್ನು ನಾವು ಮರೆಯತಕ್ಕದ್ದಲ್ಲ. ೧೮೯೮ರ ಪ್ಲೇಗಿನಿಂದ ಬೆಂಗಳೂರಿನವರು ಪಾಠ ಕಲಿತರು. ಗಾಳಿ, ಬೆಳಕು, ಮರ, ಹಿತ್ತಿಲುಗಳುಳ್ಳ ಬಡಾವಣೆಗಳಿಗೆ ಹೋಗಿ ನೆಲೆಸಿದರು. ೨೦೨೦ರ ರೋಗದಿಂದ ನಾವು ಮಕ್ಕಳಿಗಾಗಿ ಏನನ್ನು ಕಟ್ಟಿದೆವು? ಈ ಪ್ರಶ್ನೆಗೆ ಉತ್ತರವನ್ನು ಮುಂದಿನ ತಲೆಮಾರಿನ ಚರಿತ್ರಕಾರನು ಕೇಳಿಯೇ ಕೇಳುವನು.

ಉತ್ತರವು ದೊಡ್ಡ ಹಣದ ಕೆಲಸವಾಗಬೇಕಾಗಿಲ್ಲ. ಪ್ರತಿ ಶಾಲೆಗೂ ಅದರ ಸುತ್ತಿನ ಹತ್ತು ಮನೆಗಳವರು ರಜೆಯ ದಿನಗಳಲ್ಲಿ ಸರದಿಯ ಮೇಲೆ ತೋಟಕ್ಕೆ ನೀರು ಹಾಕುವೆವೆಂದು ಒಪ್ಪಿಕೊಳ್ಳಲಿ. ಮಗು ಅಲ್ಲಿ ಓದುತ್ತಿರಲಿ, ಓದದಿರಲಿ. ಶಾಲೆಯ ಮೈದಾನದ ಬಾಗಿಲನ್ನು ಸಂಜೆ ಒಂದು ಗಂಟೆಯ ಕಾಲ ಬಡಾವಣೆಯ ಮಕ್ಕಳಿಗೆ ತೆರೆದು, ಹಿರಿಯರಿಬ್ಬರು ಅಲ್ಲಿ ಕುಳಿತು ನೋಡಿಕೊಳ್ಳಲಿ. ಶಾಲಾ ಸಮಿತಿಯ ಸಭೆಯಲ್ಲಿ ಅಂಕಪಟ್ಟಿಯನ್ನು ಕುರಿತು ಮಾತನಾಡುವಷ್ಟು ಹೊತ್ತನ್ನು ಮಕ್ಕಳ ಊಟ, ನಿದ್ರೆ, ಆಟಗಳಿಗೂ ಕೊಡಲಿ. ಬಸ್ಕಿಯನ್ನೂ ನೀರು ಹೊರುವುದನ್ನೂ ಶಿಕ್ಷೆಯ ಪಟ್ಟಿಯಿಂದ ತೆಗೆದು, ಚೆನ್ನಾಗಿ ನಡೆದುಕೊಂಡ ಮಗುವಿಗೆ ದೊರೆಯುವ ಗೌರವವನ್ನಾಗಿ ಮಾಡಲಿ.

ಚರಿತ್ರೆಯನ್ನು ನೋಡಿದರೆ ಗ್ರಂಥಗಳು ನಮ್ಮಲ್ಲಿದ್ದುವು, ಗುರುಗಳಿದ್ದರು, ತೋಟಗಾರರಿದ್ದರು, ಈಗ ಶಾಸನವೂ ಇದೆ. ಎಲ್ಲೆಲ್ಲಿ ಮನೆಯವರು ಬಂದು ಕೈಕೂಡಿಸಿದರೋ ಅಲ್ಲಲ್ಲಿ ಕೆಲಸವು ಉಳಿಯಿತು; ಬಾರದಿದ್ದಲ್ಲಿ ಒಂದು ಬೇಸಗೆಯನ್ನೂ ದಾಟಲಿಲ್ಲ. ಈ ಪತ್ರಿಕೆಯನ್ನು ಓದುವ ಮನೆಗಳು ಬಹುಮಟ್ಟಿಗೆ ವಿದ್ಯಾವಂತರವು. ಅವುಗಳ ಸಮೀಪದಲ್ಲಿ ಒಂದಲ್ಲ ಒಂದು ಶಾಲೆಯಿದ್ದೇ ಇರುತ್ತದೆ. ಮುಂದಿನ ಏಪ್ರಿಲಿನಲ್ಲಿ ಅದರ ಬಾಗಿಲಿಗೆ ಬೀಗ ಬೀಳುವುದಕ್ಕೆ ಮೊದಲು ಒಮ್ಮೆ ಹೋಗಿ ಮುಖ್ಯೋಪಾಧ್ಯಾಯರನ್ನು ಕಂಡು, ಗಿಡಗಳಿಗೆ ನೀರು ಹಾಕುವವರು ಯಾರೆಂದು ವಿಚಾರಿಸಬೇಕೆಂದು ವಾಚಕರಲ್ಲಿ ಸವಿನಯವಾಗಿ ಬೇಡುತ್ತೇನೆ.